ಇಪ್ಪತ್ತೆರಡೂವರೆ ಅಂಗುಲದ ಹೆಜ್ಜೆ

ನಡೆಯುವ ವಿದ್ಯೆಯನ್ನು ಮನುಷ್ಯನು ವರ್ಷ ತುಂಬುವ ಹೊತ್ತಿಗೆ ಕಲಿತುಬಿಡುತ್ತಾನೆ. ಬಳಿಕ ಅದರ ಗೊಡವೆಗೇ ಹೋಗುವುದಿಲ್ಲ. ಆದರೆ ಅಮೇರಿಕದಲ್ಲಿ ಪ್ರತಿ ಚಳಿಗಾಲವೂ ಸಾವಿರಾರು ತರುಣ ತರುಣಿಯರು ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಇದೇ ವಿದ್ಯೆಯನ್ನು ಮೊದಲಿನಿಂದ ಅಭ್ಯಾಸ ಮಾಡತೊಡಗುತ್ತಾರೆಂದರೆ ವಾಚಕರಿಗೆ ಸೋಜಿಗವೆನಿಸೀತು. ಒಂದು ಹೆಜ್ಜೆಗೆ 22½ ಅಂಗುಲ. ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ. ಹಾಗೆ ಎಂಟು ಹೆಜ್ಜೆಯಿಟ್ಟರೆ ಸರಿಯಾಗಿ ಐದು ಗಜ. ಅಲ್ಲಿಯ ಫುಟ್‌ಬಾಲ್ ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿಯ ಗೆರೆಯಿರುವುದರಿಂದ ಎಂಟನೆಯ ಹೆಜ್ಜೆ ಗೆರೆಯ ಮೇಲೆ ಬಿತ್ತೋ ತಪ್ಪಿತೋ ಎಂಬುದು ಗ್ಯಾಲರಿಯಲ್ಲಿ ಕುಳಿತ ಮಗುವಿಗೂ ಕಾಣುತ್ತದೆ. ಮೈದಾನದ ನೂರು ಗಜವನ್ನು ದಾಟಲು 160 ಹೆಜ್ಜೆ. ಒಂದೊಂದು ಹೆಜ್ಜೆಯಲ್ಲಿ ಅರ್ಧ ಅಂಗುಲ ಮಾತ್ರ ತಪ್ಪಿದರೂ ಕೊನೆಗೆ ಆರು ಅಡಿಗೂ ಮಿಕ್ಕಿ ದೂರ ಸರಿದು, ಇನ್ನೊಬ್ಬನ ಜಾಗದಲ್ಲಿ ನಿಂತಿರುತ್ತಾನೆ.

ಇದು 'ಡ್ರಮ್ ಕೋರ್' ಎಂಬ ವಾದ್ಯದಂಡಿಗೆ ಸೇರಬಯಸುವವರ ಸಂಗತಿ. ಬ್ಯಾಂಡೆಂದೊಡನೆ ನಮಗೆ ನೆನಪಾಗುವುದು ಮೈಸೂರಿನ ದಸರೆಯ ಮೆರವಣಿಗೆ, ಇಲ್ಲವೆ ದಿಲ್ಲಿಯ ಗಣರಾಜ್ಯೋತ್ಸವ. ಅಲ್ಲಿ ಬ್ಯಾಂಡು ದಾರಿ ಹಿಡಿದು ಮುಂದಕ್ಕೆ ಸಾಗುತ್ತದೆ. ಇಲ್ಲಿ ಹಾಗಲ್ಲ. ಸುಮಾರು ನೂರೈವತ್ತು ಮಂದಿ ಹಿತ್ತಾಳೆಯ ತುತೂರಿಗಳನ್ನೂ ಡ್ರಮ್ಮುಗಳನ್ನೂ ಬಣ್ಣದ ಧ್ವಜಗಳನ್ನೂ ಹೊತ್ತು, ಹನ್ನೊಂದು ಹನ್ನೆರಡು ನಿಮಿಷ ಮೈದಾನದ ತುಂಬ ಚಕ್ರವಾಗಿ, ಬಾಣವಾಗಿ, ಅಲೆಯಾಗಿ ಒಡೆಯುತ್ತ ಕೂಡುತ್ತ, ಕೆಲವೊಮ್ಮೆ ಓಡುತ್ತಲೇ ನುಡಿಸುತ್ತಾರೆ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಊರೂರುಗಳಲ್ಲಿ ಕಟ್ಟಿದ ಕಹಳೆ-ನಗಾರಿಯ ತಂಡಗಳೇ ಇದರ ಮೂಲ. 1971ರಲ್ಲಿ ಪ್ರಮುಖ ತಂಡಗಳು ಕೂಡಿ 'ಡ್ರಮ್ ಕೋರ್ ಇಂಟರ್‌ನ್ಯಾಶನಲ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದವು; 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಯಿತು. 2009ರಿಂದ ಆಗಸ್ಟ್ ತಿಂಗಳ ಈ ಅಂತಿಮ ಸ್ಪರ್ಧೆಗೆ ಇಂಡಿಯಾನಾಪೊಲಿಸ್ ನಗರದ ದೊಡ್ಡ ಕ್ರೀಡಾಂಗಣವು ನೆಲೆಯಾಗಿದೆ. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್, ಓಹಾಯೋದ ಬ್ಲೂಕೋಟ್ಸ್ ಮೊದಲಾದ ತಂಡಗಳ ಹೆಸರು ಆ ವಲಯದ ಹುಡುಗರ ಬಾಯಲ್ಲಿ ನಮ್ಮ ಹುಡುಗರ ಬಾಯಲ್ಲಿ ಕ್ರಿಕೆಟ್ ತಂಡಗಳ ಹೆಸರು ಆಡುವಂತೆಯೇ ಆಡುತ್ತಿರುತ್ತದೆ.

ತಂಡಕ್ಕೆ ಸೇರುವ ಪರೀಕ್ಷೆ ಒಂದೇ ದಿನದ್ದಲ್ಲ. ಮಳಿಗಾಲದ ಮೋಡದಂತೆ ಬಹು ಮುಂಚಿನಿಂದಲೇ ಕವಿಯತೊಡಗುತ್ತದೆ. ಶರತ್ಕಾಲದಲ್ಲಿ ತಂಡಗಳು ಅಭ್ಯಾಸದ ಪಾಠಗಳ ಕಟ್ಟನ್ನು ಕೊಡುತ್ತವೆ. ಅದನ್ನು ಕಲಿತು, ನುಡಿಸುವುದನ್ನೂ ನಡೆಯುವುದನ್ನೂ ಚಿತ್ರೀಕರಿಸಿ ಕಳುಹಿಸುವ ಪದ್ಧತಿಯೂ ಉಂಟು. ಅನಂತರ ನವೆಂಬರ್, ಡಿಸೆಂಬರ್ ತಿಂಗಳುಗಳ ಶನಿವಾರ ಭಾನುವಾರಗಳಂದು ಶಿಬಿರ. ಯಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಹಾಸಿಗೆ ಬಿಚ್ಚಿ ಮಲಗಬೇಕು. ಅಲ್ಲಿ ಸೈ ಎನಿಸಿಕೊಂಡವರಿಗೆ ಮತ್ತೊಂದು ಶಿಬಿರದ ಕರೆ. ಮೆಚ್ಚುಗೆಯಾದರೆ ಕರಾರುಪತ್ರ.

ಮೊದಲು ಕಾಲಿನ ವಿಚಾರ. ಮುಂದಕ್ಕೆ ನಡೆಯುವಾಗ ಹಿಮ್ಮಡಿ ಮೊದಲು ನೆಲಕ್ಕೆ ತಗುಲಿ, ಅಂಗಾಲು ಉರುಳಿದಂತೆ ಬೆರಳಿನವರೆಗೆ ಇಳಿಯಬೇಕು. ಹಿಂದಕ್ಕೆ ನಡೆಯುವಾಗ ಹಿಮ್ಮಡಿ ನೆಲ ಮುಟ್ಟಕೂಡದು. ಪಕ್ಕಕ್ಕೆ ಸಾಗುವಾಗ ಸೊಂಟದ ಕೆಳಗಿನ ಭಾಗ ಹೋಗುವ ದಿಕ್ಕಿಗೆ, ಎದೆ ಮತ್ತು ತುತೂರಿ ಪ್ರೇಕ್ಷಕರ ದಿಕ್ಕಿಗೆ. ಸೊಂಟದ ಮೇಲಿನ ಮೈ ಅಲುಗಿದರೆ ಉಸಿರು ಅಲುಗುತ್ತದೆ, ಉಸಿರು ಅಲುಗಿದರೆ ನಾದ ನಡುಗುತ್ತದೆ. ಇದನ್ನು ತಿಳಿಯಲು ನಾವು ಅಮೇರಿಕಕ್ಕೆ ಹೋಗಬೇಕಾಗಿಲ್ಲ. ಕೈತುಂಬ ಕಾಫಿಯ ಲೋಟಗಳನ್ನು ಹಿಡಿದು, ಒದ್ದೆಯಾದ ನೆಲದ ಮೇಲೆ, ಎದುರಿನಿಂದ ಬರುವ ಎಂಜಲು ತಟ್ಟೆಯವನನ್ನು ತಪ್ಪಿಸಿಕೊಂಡು, ಒಂದು ಹನಿಯನ್ನೂ ಚೆಲ್ಲದೆ ಮೇಜು ಮುಟ್ಟುವ ನಮ್ಮ ಮಾಣಿಯ ನಡಿಗೆಯನ್ನು ನೋಡಿದರೆ ಸಾಕು. ಅವನಿಗೆ ಯಾರೂ ಪಾಠ ಹೇಳಿರುವುದಿಲ್ಲ. ಚೆಲ್ಲಿದಾಗ ಬಿದ್ದ ಬೈಗುಳವೇ ಪಾಠ.

ಕಾಲಿಗೆ ಇಷ್ಟು ಮಹತ್ವವೇಕೆ ಎಂಬುದಕ್ಕೆ ಒಂದು ಸ್ವಾರಸ್ಯವಾದ ಕಾರಣವಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುತ್ತದೆ. ಮೈದಾನದ ಒಂದು ತುದಿಯ ನಾದ ನೂರು ಗಜ ದಾಟಿ ಇನ್ನೊಂದು ತುದಿಗೆ ಬರಲು ಕಾಲು ಸೆಕೆಂಡಿಗೂ ಮಿಕ್ಕಿ ಬೇಕು. ನಿಮಿಷಕ್ಕೆ 180 ಪೆಟ್ಟಿನ ವೇಗದಲ್ಲಿ ಅಷ್ಟರೊಳಗೆ ಮುಕ್ಕಾಲು ಪೆಟ್ಟು ಕಳೆದೇಹೋಗಿರುತ್ತದೆ. ಆದುದರಿಂದ ದೂರದ ಜೊತೆಗಾರನ ವಾದ್ಯವನ್ನು ಕಿವಿಯಿಂದ ಕೇಳಿ ಅನುಸರಿಸಿದವನು ಕೆಟ್ಟ. ನಿರ್ದೇಶಕನ ಕೈಯನ್ನು ಕಣ್ಣಿನಿಂದ ನೋಡಿ, ತಾಳವನ್ನು ಸ್ವಂತ ಕಾಲಿನಲ್ಲಿ ಹೊತ್ತುಕೊಂಡೇ ನುಡಿಸಬೇಕು. ಹೀಗಾಗಿ ಡ್ರಮ್ಮಿನ ಅಭ್ಯರ್ಥಿ ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವುದಿಲ್ಲ. ರಬ್ಬರಿನ ಹಲಗೆಯನ್ನು ಎತ್ತರದಲ್ಲಿಟ್ಟು, ಮೆಟ್ರೊನೋಮ್ ಎಂಬ ತಾಳಯಂತ್ರವನ್ನು ಚಾಲೂ ಮಾಡಿ, ನಿಂತಲ್ಲೇ ಹೆಜ್ಜೆ ಹಾಕುತ್ತ ಬಾರಿಸುತ್ತಾನೆ. ಕೈ ಸರಿಯಿದ್ದೂ ಕಾಲು ತಪ್ಪಿದವನು ಶಿಬಿರದಲ್ಲಿ ಬೇಗನೆ ಬಯಲಾಗುತ್ತಾನೆ.

ತಬಲೆಗೆ ಬೋಲುಗಳಿರುವಂತೆ ಅವರ ಡ್ರಮ್ಮಿಗೂ ಪಾಠಾಕ್ಷರಗಳುಂಟು. 1933ರಲ್ಲಿ ಸ್ಥಾಪಿತವಾದ ವಾದಕರ ಸಂಘವೊಂದು ಇವನ್ನು ಪಟ್ಟಿ ಮಾಡಿತು. 1984ರ ಹೊಸ ಪಟ್ಟಿಯಲ್ಲಿ ನಲವತ್ತಿವೆ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬುದು ಅವುಗಳಲ್ಲೊಂದು. ಕೇಳಲು ಸುಲಭ. ಎರಡು ಕೈಗಳ ಪೆಟ್ಟೂ ಒಂದೇ ಎತ್ತರದಿಂದ, ಒಂದೇ ಭಾರದಿಂದ ಬೀಳಬೇಕೆಂದಾಗ ಎಡಗೈಯ ಬಣ್ಣ ಬಯಲಾಗುತ್ತದೆ. ಅನೇಕ ತಂಡಗಳಲ್ಲಿ ಎಡಗೈಯ ಕೋಲನ್ನು ಅಂಗೈ ಮೇಲಾಗಿ ಹಿಡಿಯುತ್ತಾರೆ. ಹಿಂದೆ ಡ್ರಮ್ಮು ಭುಜದ ಪಟ್ಟಿಯಿಂದ ಒಂದು ಪಕ್ಕಕ್ಕೆ ವಾಲಿ ತೂಗುತ್ತಿತ್ತು, ಆದುದರಿಂದ ಆ ಹಿಡಿತ. ಈಗ ಡ್ರಮ್ಮು ಎದೆಯ ಚೌಕಟ್ಟಿನ ಮೇಲೆ ಸಮನಾಗಿ ಕುಳಿತಿದ್ದರೂ ಹಿಡಿತ ಮಾತ್ರ ಉಳಿದಿದೆ. ಸಂಪ್ರದಾಯಕ್ಕೆ ಕಾರಣ ಕೇಳುವವರು ಅಲ್ಲಿಯೂ ಕಡಮೆಯೆಂದು ತೋರುತ್ತದೆ.

ದೊಡ್ಡ ಡ್ರಮ್ಮಿನವರ ಪಾಡು ಬೇರೆ. ಸಾಮಾನ್ಯವಾಗಿ ಐದು ಗಾತ್ರದ ಐದು ಡ್ರಮ್ಮು, ಐವರು ವಾದಕರು. ಒಂದೇ ಓಟದ ಸ್ವರಗಳನ್ನು ಐವರೂ ಹಂಚಿಕೊಳ್ಳುತ್ತಾರೆ. ಒಬ್ಬನಿಗೆ ಒಂದು ಪೆಟ್ಟು, ಎರಡು ಪೆಟ್ಟು. ಕೇಳುವವರಿಗೆ ಒಬ್ಬನೇ ಬಾರಿಸಿದಂತಿರಬೇಕು. ಒಬ್ಬನ ಪೆಟ್ಟು ಕೂದಲೆಳೆಯಷ್ಟು ತಡವಾದರೆ ಉಳಿದ ನಾಲ್ವರ ಶ್ರಮವೂ ಕೆಡುತ್ತದೆ. ಈ ಸ್ಥಾನಕ್ಕೆ ಬರುವವನು ಎಷ್ಟು ಜೋರಾಗಿ ಬಾರಿಸುತ್ತಾನೆಂಬುದಕ್ಕಿಂತ ಸುಮ್ಮನಿರುವ ಹೊತ್ತಿನಲ್ಲಿ ಲೆಕ್ಕ ತಪ್ಪುತ್ತಾನೋ ಇಲ್ಲವೋ ಎಂಬುದನ್ನೇ ಪರೀಕ್ಷಕರು ಗಮನಿಸುತ್ತಾರೆ.

ಇನ್ನೊಂದನ್ನೂ ಗಮನಿಸುತ್ತಾರೆ. ಬೇಕೆಂದೇ ಒಂದು ತಿದ್ದುಪಡಿ ಹೇಳಿ, ಮರುಕ್ಷಣ ಅದನ್ನು ಮಾಡಿ ತೋರಿಸುತ್ತಾನೋ ನೋಡುತ್ತಾರೆ. ಹಿಂದಿನ ಗುರುಗಳು ಹೀಗೆ ಹೇಳಿದ್ದರು, ನಮ್ಮ ಊರಿನಲ್ಲಿ ಹೀಗೆ ರೂಢಿ ಎಂದು ವಾದಿಸುವವನಿಗಿಂತ, ಅರೆಬರೆ ಬಂದರೂ ಕೂಡಲೇ ತಿದ್ದಿಕೊಳ್ಳುವವನು ಮೇಲು. ಕೆಲಸ ಕೇಳಿ ಬಂದ ಹುಡುಗರನ್ನು ನಾನು ಗಲ್ಲೆಯ ಹಿಂದೆ ಕುಳಿತು ಆರಿಸುತ್ತಿದ್ದ ಕಾಲದಲ್ಲಿಯೂ ಇದೇ ತಕ್ಕಡಿಯಿಂದ ತೂಗುತ್ತಿದ್ದೆ.

ಆಯ್ಕೆಯಾದವರ ಬೇಸಗೆ ಸುಖದ್ದಲ್ಲ. ಮೇ ತಿಂಗಳಿನಿಂದ ಬೆಳಗಿನಿಂದ ರಾತ್ರಿಯವರೆಗೆ ಬಿಸಿಲಿನಲ್ಲಿ ಅಭ್ಯಾಸ. ಬಳಿಕ ಆಗಸ್ಟಿನವರೆಗೆ ರಾತ್ರಿ ಬಸ್ಸಿನಲ್ಲಿ ಪ್ರಯಾಣ, ಮುಂಜಾವ ಹೊಸ ಊರಿನ ಶಾಲೆಯ ನೆಲದಲ್ಲಿ ಉಳಿದ ನಿದ್ರೆ, ಸಂಜೆ ಸ್ಪರ್ಧೆ. ಹತ್ತು ಕಿಲೋ ಮೀರುವ ವಾದ್ಯಗಳನ್ನು ಹೊರುವವರೂ ಇದ್ದಾರೆ. ಆದುದರಿಂದಲೇ ಚಳಿಗಾಲದಲ್ಲಿ ಓಟ, ದಂಡ, ಉಸಿರಿನ ವ್ಯಾಯಾಮಗಳನ್ನು ಬಿಡಬಾರದೆಂದು ಹೇಳುತ್ತಾರೆ. ನನ್ನ ಕಣ್ಣು ಮಾತ್ರ ಬಸ್ಸಿನ ಹಿಂದೆ ಬರುವ ಅಡಿಗೆಯ ಲಾರಿಯ ಮೇಲೆ ನೆಟ್ಟಿದೆ. ಲಾರಿಯ ಹೊಟ್ಟೆಯಲ್ಲಿಯೇ ಒಲೆ, ತಂಪುಪೆಟ್ಟಿಗೆ, ಪಾತ್ರೆ. ವಾದಕರು, ಗುರುಗಳು, ಚಾಲಕರು ಸೇರಿ ಇನ್ನೂರರ ಹತ್ತಿರ ಜನ. ದಿನಕ್ಕೆ ನಾಲ್ಕು ಹೊತ್ತು ಊಟೋಪಚಾರ. ಎಂಟುನೂರು ತಟ್ಟೆ, ದಿನಕ್ಕೊಂದು ಊರು! ಬಡಿಸುವವರು ಸಂಬಳದ ಮಂದಿಯಲ್ಲ, ಹೆಚ್ಚಾಗಿ ಮಕ್ಕಳ ತಾಯಿತಂದೆಯರೇ. ನೀರು, ಕಸ, ದಿನಸಿ ಇವನ್ನು ಅಪರಿಚಿತ ಊರಿನಲ್ಲಿ ಬೆಳಗಾಗುವುದರೊಳಗೆ ಹೊಂದಿಸುವ ಕಷ್ಟ ಎಂಥದೆಂದು ನಮ್ಮ ಭಟ್ಟರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದವರಿಗೆ ಸಂಬಳವಿಲ್ಲ. ಅವರೇ ಹಲವು ಸಾವಿರ ಡಾಲರು ತೆರಬೇಕು. ಪರೀಕ್ಷೆಗೂ ಶುಲ್ಕವುಂಟು. ಬೇಸಗೆಯಲ್ಲಿ ದುಡಿದು ಕಾಲೇಜಿನ ಖರ್ಚಿಗೆ ಕೂಡಿಡುವ ಹುಡುಗನಿಗೆ ಇದು ಇಮ್ಮಡಿ ನಷ್ಟ: ಗಳಿಕೆಯೂ ಹೋಯಿತು, ಗಂಟೂ ಹೋಯಿತು. ಪ್ರತಿಭೆಯಿದ್ದೂ ಹಣವಿಲ್ಲದೆ ದೂರ ಉಳಿಯುವವರು ಇಲ್ಲದಿರಲಾರರು. ಈ ಕಲೆಯ ಮುಖಕ್ಕೆ ಇದೊಂದು ಕಪ್ಪುಚುಕ್ಕೆಯೆಂದೇ ನನ್ನ ಅಭಿಪ್ರಾಯ.

ಹಣಕ್ಕಿಂತ ಕಠಿಣವಾದುದು ವಯಸ್ಸು. 22ರ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಎಂಥ ನಿಪುಣನಿಗೂ ರಿಯಾಯಿತಿಯಿಲ್ಲ. 2020ರಲ್ಲಿ ಕೊರೊನಾ ಪಿಡುಗಿನಿಂದ ಸ್ಪರ್ಧೆಗಳೇ ರದ್ದಾದಾಗ, ಚಳಿಗಾಲವಿಡೀ ಬೆವರು ಸುರಿಸಿ ಆಯ್ಕೆಯಾಗಿದ್ದವರಿಗೂ ಮೈದಾನ ದೊರೆಯಲಿಲ್ಲ.

ಶಿಬಿರದ ಭಾನುವಾರ ಸಂಜೆ ಕೆಲವರ ಹೆಸರು ಕರೆಯುತ್ತಾರೆ, ಹೆಚ್ಚಿನವರ ಹೆಸರು ಕರೆಯುವುದಿಲ್ಲ. ಎಂಟು ಹತ್ತು ಮಂದಿಯ ಸ್ನೇರ್ ಸಾಲಿನಲ್ಲಿ ಹಳಬರು ಮರಳಿ ಬಂದರೆ ಉಳಿಯುವ ಜಾಗ ಒಂದೋ ಎರಡೋ. ದಕ್ಕದವರಿಗೆ ಸಣ್ಣ ತಂಡವೊಂದರಲ್ಲಿ ಪ್ರಯತ್ನಿಸೆಂದು ಪರೀಕ್ಷಕರು ಸೂಚಿಸುವುದುಂಟು. ಮುಂದಿನ ವರ್ಷ ಬಾ ಎನ್ನುವುದೂ ಉಂಟು. ಎರಡು ಮೂರು ಚಳಿಗಾಲ ಹೀಗೆ ಬಂದು ಹೋದವರಿದ್ದಾರೆ. ಹತ್ತೊಂಬತ್ತರವನು ಹಾಸಿಗೆ ಸುತ್ತಿಕೊಂಡು, ತನಗೆ ಇನ್ನೆಷ್ಟು ಚಳಿಗಾಲ ಉಳಿದಿದೆಯೆಂದು ಬೆರಳೆಣಿಸುತ್ತ ಬಸ್ಸು ಹತ್ತುತ್ತಾನೆ. ಸೋಮವಾರ ಕಾಲೇಜು, ಸಂಜೆಗೆ ಮತ್ತೆ ರಬ್ಬರಿನ ಹಲಗೆ, ತಾಳಯಂತ್ರ, ಎಡಗೈ.