ಡಿಗ್ರಿಯ ಮೂರು ವರ್ಷದಲ್ಲಿ ಮಕ್ಕಳು ಏನೇನಾಗುತ್ತಾರೆ?

ಕೊಣಾಜೆಯ ಗುಡ್ಡದಲ್ಲಿ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಇತ್ತು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಆ ಕಾಲಕ್ಕೆ ನಮ್ಮ ಎಷ್ಟೋ ಬ್ಯಾರಿ ಮನೆಗಳಲ್ಲಿ ಗಂಡು ಮಕ್ಕಳಿಗೆ ವ್ಯಾಪಾರ, ಇಲ್ಲವೇ ಗಲ್ಫ್. ಹೆಣ್ಣು ಮಕ್ಕಳಿಗೆ ಬೀಡಿ ಕಟ್ಟುವ ಕೆಲಸ. ಇವತ್ತು ಬೆಳಿಗ್ಗೆ ತೊಕ್ಕೊಟ್ಟು, ದೇರಳಕಟ್ಟೆಯಲ್ಲಿ ಬಸ್ ಕಾಯುವವರನ್ನು ನೋಡಿ. ಪುಸ್ತಕದ ಚೀಲ ಹಿಡಿದ ನಮ್ಮ ಹೆಣ್ಣು ಮಕ್ಕಳು ತುಂಬಾ ಉಂಟು.

ಮನೆಯಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳ ಪಾತ್ರ ವರ್ಷ ವರ್ಷವೂ ಬದಲಾಗುತ್ತದೆ. ಮೊದಲ ವರ್ಷ ಎಲ್ಲದಕ್ಕೂ ಹೆದರಿಕೆ. ಸೆಮಿಸ್ಟರ್ ಅಂದರೇನು, ಇಂಟರ್ನಲ್ ಮಾರ್ಕು ಯಾಕೆ, ಹೇಳಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಮೇಲಿಂದ ನಿಯಮವೂ ಬದಲಾಗುತ್ತದೆ: 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯದಲ್ಲಿ ಮತ್ತೆ ಮೂರು ವರ್ಷವಾಯಿತು.

ಎರಡನೇ ವರ್ಷಕ್ಕೆ ಅದೇ ಮಗಳು ಮನೆಯ ಗುಮಾಸ್ತೆ. ಬಾಪನ ಬ್ಯಾಂಕ್ ಕೆಲಸ, ಉಮ್ಮನ ಆಧಾರ್ ತಿದ್ದುಪಡಿ, ತಮ್ಮನ ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಅವಳ ಕೈಯಲ್ಲಿ. ಅವಳ ಮಾತಿಗೆ ಬೆಲೆ ಬರುತ್ತದೆ. ಓದುವ ಹೊತ್ತು ಮಾತ್ರ ಕಡಿಮೆಯಾಗುತ್ತದೆ.

ಮೂರನೇ ವರ್ಷ ಬಂದಾಗ "ಸಂಬಂಧ ಬಂದಿದೆ" ಎಂಬ ಮಾತು. ಗಂಡು ಮಕ್ಕಳಿಗೆ "ವೀಸಾ ಬಂದಿದೆ". ಕೊನೆಯ ಸೆಮಿಸ್ಟರ್‌ನಲ್ಲಿ ಪರೀಕ್ಷೆ ಬಿಟ್ಟವರು ವಾಪಸ್ ಬಂದು ಬರೆಯುವುದು ಕಷ್ಟ. ಎರಡೂವರೆ ವರ್ಷದ ಫೀಸು, ಬಸ್ಸಿನ ಖರ್ಚು, ಉಮ್ಮ ಕೂಡಿಟ್ಟ ದುಡ್ಡು ಎಲ್ಲ ಅರ್ಧಕ್ಕೇ ನಿಲ್ಲುತ್ತದೆ. ಪೋಷಕರಲ್ಲಿ ಒಂದೇ ವಿನಂತಿ: ನಿಕಾಹ್‌ನ ತಾರೀಕು ಗೊತ್ತು ಮಾಡುವ ಮೊದಲು ಪರೀಕ್ಷೆಯ ತಾರೀಕು ಕೇಳಿ. ಒಂದೆರಡು ತಿಂಗಳು ಕಾಯಲು ಗಂಡಿನ ಕಡೆಯವರಿಗೆ ಹೇಳಿದರೆ ಮರ್ಯಾದೆಗೆ ಕುಂದಿಲ್ಲ.

ಡಿಗ್ರಿ ಮುಗಿಸಿದವರಿಗೂ ಒಂದು ಜವಾಬ್ದಾರಿ ಉಂಟು. ಸಿಇಟಿ, ನೀಟ್‌ನಲ್ಲಿ ಸೀಟು ಸಿಕ್ಕಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ ಎಂದು ಎಷ್ಟೋ ಪಿಯುಸಿ ಮಕ್ಕಳಿಗೆ ಗೊತ್ತೇ ಇಲ್ಲ. ಅರ್ಜಿ ತುಂಬಿ ಅನುಭವ ಇರುವವರು ನೀವು. ವಾರಕ್ಕೊಮ್ಮೆ ಮದ್ರಸದ ತರಗತಿ ಮುಗಿದ ಮೇಲೆ ಅಲ್ಲೇ ಒಂದು ಗಂಟೆ ಕೂತರೆ ಸಾಕು. ಬೆಂಚು, ಬೋರ್ಡು ಇದೆ. ಜಮಾಅತಿನವರು ಬಾಗಿಲು ತೆರೆದು ಕೊಡಲಿ. ಯಾರೂ ಹೇಳಿಕೊಡದೆ ನೀವು ಪಟ್ಟ ಕಷ್ಟ ನಿಮ್ಮ ಹಿಂದೆ ಬರುವವರಿಗೆ ಬೇಡ.