ಹೊಳೆಗೆ ಇಳಿಯುವ ಮಾತು

ಇಂಗ್ಲಿಷಿನಲ್ಲಿ 'ಟೇಕ್ ದ ಪ್ಲಂಜ್' ಎಂಬ ನುಡಿಗಟ್ಟಿದೆ. ದಡದಲ್ಲಿ ಬಹಳ ಹೊತ್ತು ನಿಂತು ಯೋಚಿಸಿದವನು ಕೊನೆಗೂ ನೀರಿಗೆ ಧುಮುಕುವ ಚಿತ್ರ ಅದು. ಮದುವೆಗೆ ಒಪ್ಪಿದವರಿಗೆ, ನೌಕರಿ ಬಿಟ್ಟು ಸ್ವಂತ ಅಂಗಡಿ ತೆರೆದವರಿಗೆ, ಸಾಲ ಮಾಡಿ ಮನೆ ಕಟ್ಟಿದವರಿಗೆ ಈ ಮಾತು ಒಪ್ಪುತ್ತದೆ. ದುಡುಕಿ ಹಾರಿದವನಿಗೆ ಒಪ್ಪುವುದಿಲ್ಲ. ಮೊದಲು ಅಳುಕು, ಆಮೇಲೆ ನಿರ್ಧಾರ. ಎರಡೂ ಇದ್ದರೇ ಆ ಮಾತಿಗೆ ತೂಕ.

ಇದನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ಅನರ್ಥವಾಗುತ್ತದೆ. ಹಂಪಿ ಸೀಮೆಯ ನಮ್ಮ ಚಿತ್ತವಾಡ್ಗಿಯಲ್ಲಿ ಯಾರಾದರೂ 'ಹೊಳೆಗೆ ಹಾರಿದ' ಅಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ನಮ್ಮ ಭಾಷೆ ಧೈರ್ಯಕ್ಕೆ ಇಟ್ಟುಕೊಂಡಿರುವುದು ಬೇರೆಯೇ ಕ್ರಿಯಾಪದ: ಇಳಿ. ವ್ಯಾಪಾರಕ್ಕೆ ಇಳಿದ, ಚುನಾವಣೆಯ ಕಣಕ್ಕೆ ಇಳಿದ, ಹೋರಾಟಕ್ಕೆ ಇಳಿದ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆಯಲ್ಲೂ ಇಳಿಯುವುದೇ ಇದೆ. ಇಳಿಯುವವನ ಕಾಲು ನೆಲವನ್ನು ಹುಡುಕುತ್ತಿರುತ್ತದೆ.

ಹಂಪಿಯ ಹರಿಗೋಲು ನೋಡಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗೆ ಹೆಣೆದು ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ, ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಂಡೆಗಳ ನಡುವೆ ಸುಳಿ ತಿರುಗುವ ತುಂಗಭದ್ರೆಯಲ್ಲಿ ಅಂಬಿಗ ಮೊದಲು ನೀರಿನ ಮೈ ಓದುತ್ತಾನೆ, ಆಮೇಲೆ ಹುಟ್ಟು ಹಾಕುತ್ತಾನೆ.

ಆ ಓದು ಎಷ್ಟು ದೊಡ್ಡದೆಂದು ನಮ್ಮ ಸೀಮೆಗೆ ಗೊತ್ತಾದದ್ದು 2024ರ ಆಗಸ್ಟ್‌ನಲ್ಲಿ. 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಭತ್ತದ ಸಸಿಮಡಿ ಮಾಡಿಕೊಂಡಿದ್ದ ರೈತರ ಕಣ್ಣೆದುರೇ ಬೆಳೆಯ ನೀರು ಹರಿದುಹೋಗುತ್ತಿತ್ತು.

ನೀರಿನ ಮಟ್ಟ ಇಳಿಯುವವರೆಗೆ ಕಾದರೆ ಕೆಲಸ ಸುಲಭ. ಆದರೆ ಆ ವರ್ಷದ ಬೆಳೆ ಕೈಬಿಡುತ್ತಿತ್ತು. ಗೇಟುಗಳ ಕೆಲಸದಲ್ಲೇ ಬಾಳು ಸವೆಸಿದ, ಎಂಬತ್ತರ ಆಸುಪಾಸಿನ ತಜ್ಞ ಕನ್ನಯ್ಯ ನಾಯ್ಡು ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಹಲಗೆಗಳನ್ನು ಕೂರಿಸಲು ಮುಂದಾದರು. ಸುಮಾರು 60 ಅಡಿ ಅಗಲದ ಉಕ್ಕಿನ ಹಲಗೆಯನ್ನು ಕ್ರೇನಿನಲ್ಲಿ ತೂಗಿ, ಧುಮ್ಮಿಕ್ಕುವ ನೀರಿನೊಳಗೆ ಇಕ್ಕೆಲದ ಕಚ್ಚುಗಳಿಗೆ ಸರಿಯಾಗಿ ಇಳಿಸಬೇಕು. ಕೊಂಚ ವಾಲಿದರೂ ಸಿಕ್ಕಿಕೊಳ್ಳುತ್ತದೆ. ಕಾರ್ಮಿಕರು ಆ ಭೋರ್ಗರೆತದ ಮೇಲೆಯೇ ನಿಂತು ದುಡಿದರು. 16ರಂದು ಮೊದಲ ಹಲಗೆ ಕುಳಿತಿತು. ಉಳಿದವು ಒಂದರ ಮೇಲೊಂದು ಕೂತು ನೀರು ನಿಂತಿತು. ಮುಂದೆ ಮಳೆಯೂ ಕೈಹಿಡಿದು ಡ್ಯಾಂ ಮತ್ತೆ ತುಂಬಿತು.

ಅಂದು ಯಾರೂ ಕಣ್ಣು ಮುಚ್ಚಿ ಹಾರಲಿಲ್ಲ. ಅಳತೆ ಇತ್ತು, ಅನುಭವ ಇತ್ತು, ಅಷ್ಟಾದ ಮೇಲೂ ಉಳಿದ ಅಪಾಯವನ್ನು ಹೊರುವ ಎದೆಗಾರಿಕೆ ಇತ್ತು.

ಹೊಸದಾಗಿ ಏನಾದರೂ ಮಾಡಬೇಕೆಂದು ದಡದಲ್ಲಿ ನಿಂತ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದೂ ಇದನ್ನೇ. ಅಳುಕಿಗೆ ನಾಚಬೇಡಿ, ಆಳ ನೋಡಲು ಹೇಳುವುದು ಅದೇ. ನೋಡಿಯಾದ ಮೇಲೆ ಮಾತ್ರ ದಡದಲ್ಲೇ ಉಳಿಯಬೇಡಿ. ಇಳಿಯಿರಿ.