ಕಳಚುವ ಮುನ್ನ ಒಂದು ಪ್ರಶ್ನೆ: ಹಳೆಯ ವಿ-ಟ್ವಿನ್ ಕೆಫೆ ರೇಸರ್ ಆಗುವ ಬಗೆ

ಹಳೆಯ ಮೋಟಾರ್‌ಸೈಕಲ್‌ಗಳ ಬಗ್ಗೆ ನಾವು ಪ್ರಸಾರ ಮಾಡಿದ ಸಂವಾದದ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳಿದ್ದವು. “ಹ್ಯಾಂಡಲ್ ತಗ್ಗಿಸಿ, ಮಡ್‌ಗಾರ್ಡ್ ತೆಗೆದು, ಒಂಟಿ ಸೀಟು ಹಾಕಿದರೆ ಯಾವ ಬೈಕಾದರೂ ಕೆಫೆ ರೇಸರ್ ಆಗುತ್ತದಲ್ಲವೇ?” ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಲಾಗದೆ ಉಳಿದ ಉತ್ತರ ಇಲ್ಲಿದೆ. ನೋಟಕ್ಕೆ ಆಗುತ್ತದೆ, ಓಟಕ್ಕೆ ಆಗುವುದಿಲ್ಲ. ಏಕೆ ಎಂಬುದನ್ನು ನೋಡೋಣ.

ಕೆಫೆಯ ಮುಂದಿನ ರಸ್ತೆ

ಈ ಹೆಸರು ಹುಟ್ಟಿದ್ದು ಎರಡನೇ ಮಹಾಯುದ್ಧದ ನಂತರದ ಇಂಗ್ಲೆಂಡಿನಲ್ಲಿ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಬದಿಯಲ್ಲಿ ದಾರಿಹೋಕ ಚಾಲಕರಿಗಾಗಿ 1938ರಲ್ಲಿ ತೆರೆದ ಹೋಟೆಲು ಏಸ್ ಕೆಫೆ. ಯುದ್ಧಕಾಲದ ಬಾಂಬ್ ದಾಳಿಗೆ ಸಿಕ್ಕ ಅದನ್ನು 1949ರಲ್ಲಿ ಮತ್ತೆ ಕಟ್ಟಲಾಯಿತು. 1950 ಮತ್ತು 60ರ ದಶಕಗಳಲ್ಲಿ ಯುವಕರು ತಮ್ಮ ಬೈಕುಗಳೊಡನೆ ಅಲ್ಲಿ ಸೇರುತ್ತಿದ್ದರು. ಗಂಟೆಗೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ವೇಗ ಮುಟ್ಟುವುದೇ ಅವರ ಹಂಬಲ. ರೇಸಿನ ಬೈಕು ಕೊಳ್ಳುವಷ್ಟು ಹಣವಿಲ್ಲದವರು ದಿನವೂ ಓಡಿಸುವ ಗಾಡಿಯನ್ನೇ ಹಗುರ ಮಾಡಿಕೊಂಡರು. ನಾರ್ಟನ್ ಕಂಪನಿಯ ‘ಫೆದರ್‌ಬೆಡ್’ ಚೌಕಟ್ಟಿಗೆ ಟ್ರಯಂಫ್ ಎಂಜಿನ್ ಕೂರಿಸಿದರೆ ಅದು ‘ಟ್ರೈಟನ್’. ವಿನ್ಸೆಂಟ್ ವಿ-ಟ್ವಿನ್ ಎಂಜಿನ್ ಕೂರಿಸಿದರೆ ‘ನಾರ್ವಿನ್’.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವರು ಒಳ್ಳೆಯ ಎಂಜಿನ್ನಿಗೆ ಒಳ್ಳೆಯ ಚೌಕಟ್ಟನ್ನು ಹುಡುಕಿದ್ದು ಅಂದಕ್ಕಲ್ಲ, ತಿರುವಿನಲ್ಲಿ ಬೈಕು ತೊನೆಯದಿರಲೆಂದು. ಅಷ್ಟಾದರೂ ಆ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡ ಯುವಕರಿದ್ದರು. 1969ರಲ್ಲಿ ಮುಚ್ಚಿದ ಏಸ್ ಕೆಫೆ 2001ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆ ಹೊತ್ತಿಗೆ ಕೆಫೆ ರೇಸರ್ ಎಂಬುದು ಹಲವು ದೇಶಗಳ ಹವ್ಯಾಸವಾಗಿತ್ತು.

ನಮ್ಮ ಉದಾಹರಣೆಯ ಬೈಕು

ಎರಡು ಸಿಲಿಂಡರುಗಳನ್ನು ‘ವಿ’ ಅಕ್ಷರದಂತೆ ಓರೆಯಾಗಿ ಒಂದೇ ಕ್ರ್ಯಾಂಕಿಗೆ ಜೋಡಿಸಿದರೆ ಅದು ವಿ-ಟ್ವಿನ್. ಇವುಗಳ ನಡುವಿನ ಕೋನ 90 ಡಿಗ್ರಿ ಇದ್ದರೆ ಒಂದು ಪಿಸ್ಟನ್ ತುದಿ ಮುಟ್ಟಿ ನಿಂತಾಗ ಇನ್ನೊಂದು ಪೂರ್ಣ ವೇಗಕ್ಕೆ ಹತ್ತಿರವಿರುತ್ತದೆ. ಆಗ ಕ್ರ್ಯಾಂಕಿನ ಪ್ರತಿತೂಕದಿಂದ ಮುಖ್ಯ ಅದುರುವಿಕೆಯನ್ನು ಸರಿದೂಗಿಸಬಹುದು. ಕೋನ ಕಿರಿದಾದಷ್ಟೂ ಎಂಜಿನ್ ಗಿಡ್ಡವಾಗುತ್ತದೆ, ಅದುರುವಿಕೆ ಹೆಚ್ಚುತ್ತದೆ.

ಅಮೆರಿಕ ಮತ್ತು ಯೂರೋಪಿನ ಹವ್ಯಾಸಿಗಳು ಕೆಫೆ ರೇಸರ್ ಮಾಡಲು ಮೆಚ್ಚಿ ಆರಿಸುವ ಬೈಕುಗಳಲ್ಲಿ ಒಂದು, 1981ರಲ್ಲಿ ಬಂದ ಯಮಹಾ ಎಕ್ಸ್‌ವಿ 750 ವಿರಾಗೊ. ಸುಮಾರು 750 ಸಿ.ಸಿ., ಗಾಳಿಯಿಂದ ತಣಿಯುವ ಎಂಜಿನ್, ಚೈನಿನ ಬದಲು ತಿರುಗುವ ದಂಡ. ಕೋನ 75 ಡಿಗ್ರಿ. ಆದ್ದರಿಂದ ಎರಡು ಸಿಲಿಂಡರುಗಳ ಸ್ಫೋಟಗಳ ನಡುವೆ ಕ್ರ್ಯಾಂಕ್ ಒಮ್ಮೆ 285 ಡಿಗ್ರಿ, ಮತ್ತೊಮ್ಮೆ 435 ಡಿಗ್ರಿ ತಿರುಗುತ್ತದೆ. ಕಿವಿಗೆ ಬೀಳುವ ಆ ಕುಂಟು ತಾಳದ ಗುಟ್ಟು ಇದೇ.

ಕಾರ್ಖಾನೆಯಿಂದ ಬಂದಾಗ ಇದು ಎತ್ತರದ ಹ್ಯಾಂಡಲ್, ಮೆಟ್ಟಿಲಿನಂಥ ಸೀಟು ಇರುವ, ಆರಾಮ ಕುರ್ಚಿಯ ಸ್ವಭಾವದ ಗಾಡಿ. ಆದರೆ ಒಳಗಿನ ಚೌಕಟ್ಟು ಬೇರೆಯೇ ಕಥೆ ಹೇಳುತ್ತದೆ. ಎಂಜಿನ್ನಿನ ಕೆಳಗೆ ಕೊಳವೆಗಳಿಲ್ಲ. ಮೇಲೆ ಉಕ್ಕಿನ ತಗಡಿನ ಒಂದು ಬೆನ್ನೆಲುಬು, ಅದರಿಂದ ತೂಗುವ ಎಂಜಿನ್. ಎಂಜಿನ್ನೇ ಚೌಕಟ್ಟಿನ ಒಂದು ಭಾಗ.

ಮೊದಲು ಓಡಿಸಿ, ಆಮೇಲೆ ಬಿಚ್ಚಿ

ಸ್ಪ್ಯಾನರ್ ಹಿಡಿಯುವ ಮುನ್ನ ಬೈಕನ್ನು ಇದ್ದ ಸ್ಥಿತಿಯಲ್ಲೇ ಓಡಿಸಿ ನೋಡಬೇಕು. ಎರಡೂ ಸಿಲಿಂಡರುಗಳ ಕಂಪ್ರೆಶನ್ ಅಳೆಯಬೇಕು. ಎರಡರ ನಡುವೆ ಬಹಳ ಅಂತರವಿದ್ದರೆ ಹಣವನ್ನು ಮೊದಲು ಎಂಜಿನ್ನಿಗೆ ತೆಗೆದಿಡಬೇಕು. ಈ ಮಾದರಿಯ ಸ್ಟಾರ್ಟರ್ ಗೇರು ಕಿರುಗುಟ್ಟುವುದಕ್ಕೆ ಕುಖ್ಯಾತ. ಅದನ್ನು ಕಿವಿಗೊಟ್ಟು ಕೇಳಬೇಕು. ಅಂದಕ್ಕೆಂದು ಸೀಟಿನ ಕೆಳಗೆ ಪುಟ್ಟ ಬ್ಯಾಟರಿ ಅಡಗಿಸಿದರೆ ಆ ರೋಗ ಉಲ್ಬಣಿಸುತ್ತದೆ. ಬಿಚ್ಚುವಾಗ ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ಪ್ರತಿ ಹಂತದ ಚಿತ್ರ ತೆಗೆದಿಡಿ. ನೆನಪನ್ನು ನಂಬಬೇಡಿ.

ಈಗ ಹ್ಯಾಂಡಲ್. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ. ಸವಾರ ಬಾಗಿದರೆ ಗಾಳಿಗೆ ಒಡ್ಡಿದ ಮೈ ಕಡಿಮೆಯಾಗುತ್ತದೆ, ಮುಂದಿನ ಚಕ್ರಕ್ಕೆ ಭಾರ ಬೀಳುತ್ತದೆ. ಫೋರ್ಕಿಗೆ ನೇರವಾಗಿ ಬಿಗಿಯುವ ಗಿಡ್ಡ ಹ್ಯಾಂಡಲಿನ ಉದ್ದೇಶ ಇದು. ಆದರೆ ಹ್ಯಾಂಡಲ್ ತಗ್ಗಿಸಿ ಫುಟ್‌ರೆಸ್ಟನ್ನು ಮುಂದೆಯೇ ಬಿಟ್ಟರೆ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ. ಹತ್ತು ಕಿಲೋಮೀಟರಿಗೆ ಕೈ ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕೈ ಬ್ರೇಕನ್ನು ತಡವಾಗಿ ಒತ್ತುತ್ತದೆ. ಹಾಗಾಗಿ ಇವೆರಡೂ ಒಟ್ಟಿಗೇ ಬದಲಾಗಬೇಕು. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಟ್ಯಾಂಕಿಗೆ ಹೆಬ್ಬೆರಳು ಸಿಕ್ಕಿಕೊಳ್ಳಬಾರದು, ಕೇಬಲ್ ಬಿಗಿಯಬಾರದು.

ಎಲ್ಲಿ ಕತ್ತರಿಸಬಾರದು

1981ರ ವಿರಾಗೊದಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಒಂದೇ. ಅದರ ಹೊಡೆತ ನೇರವಾಗಿ ಬೆನ್ನೆಲುಬಿಗೆ ಹೋಗುತ್ತದೆ. ಸೀಟು ಹೊರುವ ಹಿಂಭಾಗ ಬೋಲ್ಟುಗಳಿಂದ ಸೇರಿಸಿದ ಬೇರೆ ತುಂಡು. ಅದನ್ನು ಕಳಚಿ, ಗಿಡ್ಡವಾದ ಇನ್ನೊಂದನ್ನು ಜೋಡಿಸಬಹುದು. ಆದರೆ 1984ರಿಂದ ಬಂದ ವಿರಾಗೊಗಳಲ್ಲಿ ಎಡಬಲಕ್ಕೆ ಎರಡು ಶಾಕ್ ಅಬ್ಸಾರ್ಬರುಗಳಿವೆ. ಅವುಗಳ ಮೇಲಿನ ತುದಿ ನಿಂತಿರುವುದು ಹಿಂದಿನ ಕೊಳವೆಯ ಮೇಲೆಯೇ. ಮೊದಲನೆಯದರ ಚಿತ್ರ ನೋಡಿ ಎರಡನೆಯದನ್ನು ಕತ್ತರಿಸಿದವನು ರಸ್ತೆಯ ಹೊಂಡಗಳ ಹೊಡೆತ ಹೊರುವ ಕಂಬವನ್ನೇ ಕಡಿದಂತೆ. ಹೆಸರು ಒಂದೇ, ಎಲುಬು ಬೇರೆ.

ಮುಂದಿನ ಭಾಗವನ್ನು ತಗ್ಗಿಸುವವರೂ ಇದ್ದಾರೆ. ಆಗ ಫೋರ್ಕು ನೆಟ್ಟಗಾಗುತ್ತದೆ, ಬೈಕು ಬೇಗ ತಿರುಗುತ್ತದೆ. ಅದೇ ಕಾರಣಕ್ಕೆ ವೇಗದಲ್ಲಿ ನೇರ ಹೋಗುವ ಸ್ಥಿರತೆ ಕುಂದುತ್ತದೆ. ಹಾಗಾಗಿ ತಗ್ಗಿಸುವುದಾದರೆ ಮಿಲಿಮೀಟರ್ ಲೆಕ್ಕದಲ್ಲಿ ತಗ್ಗಿಸಿ, ಪ್ರತಿ ಸಲವೂ ಓಡಿಸಿ ನೋಡಿ.

ಉಸಿರು

ಈ ಬೈಕಿನ ಟೊಳ್ಳು ಬೆನ್ನೆಲುಬು ಕಾರ್ಬೊರೇಟರಿಗೆ ಗಾಳಿ ಒಯ್ಯುವ ಹಾದಿಯೂ ಹೌದು. ಇದನ್ನು ಬಿಟ್ಟು ಕಾರ್ಬೊರೇಟರಿನ ಬಾಯಿಗೆ ನೇರವಾಗಿ ಸಣ್ಣ ಫಿಲ್ಟರ್ ಸಿಕ್ಕಿಸುವುದು ಈಗಿನ ರೂಢಿ. ಇಲ್ಲಿರುವ ಕಾರ್ಬೊರೇಟರಿನಲ್ಲಿ ರಬ್ಬರ್ ಪೊರೆಗೆ ಜೋಡಿಸಿದ ಕವಾಟ ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಏಳುತ್ತದೆ. ಗಾಳಿಯ ಹರಿವು ಬದಲಾದರೆ ಅದರ ಲೆಕ್ಕ ತಪ್ಪುತ್ತದೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಅದಕ್ಕಿಂತ ತೀರ ಹೆಚ್ಚಾದರೆ ಎಂಜಿನ್ ಮಿತಿಮೀರಿ ಕಾಯುತ್ತದೆ. ಮುಂದಿನ ಸಿಲಿಂಡರಿನ ಮರೆಯಲ್ಲಿ ಕುಳಿತ, ಗಾಳಿ ಸರಿಯಾಗಿ ತಾಗದ ಹಿಂದಿನ ಸಿಲಿಂಡರಿಗೆ ಇದರ ಬಿಸಿ ಜಾಸ್ತಿ. ಪರೀಕ್ಷೆ ಸುಲಭ: ಸ್ಪಾರ್ಕ್ ಪ್ಲಗ್ಗಿನ ತುದಿ ತಿಳಿ ಕಂದು ಇದ್ದರೆ ಸರಿ, ಬಿಳಿಚಿದರೆ ಪೆಟ್ರೋಲ್ ಸಾಲದು, ಮಸಿ ಕಟ್ಟಿದರೆ ಅತಿಯಾಗಿದೆ.

ನಿಲ್ಲಿಸುವ ಶಕ್ತಿ

ಬಣ್ಣಕ್ಕೆ ಮೀಸಲಿಟ್ಟ ಹಣವನ್ನು ಮೊದಲು ಬ್ರೇಕಿಗೆ ಕೊಡಿ. ವೇಗ 60ರಿಂದ 120ಕ್ಕೆ ಏರಿದರೆ ಚಲನಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಅಷ್ಟನ್ನೂ ಶಾಖವಾಗಿಸಿ ಹೊರಹಾಕಬೇಕಾದದ್ದು ನಲವತ್ತು ವರ್ಷ ಹಳೆಯ ಒಂದು ಡಿಸ್ಕು, ಹಿಂದೆ ಒಂದು ಡ್ರಮ್ಮು. ಬ್ರೇಕಿನ ದ್ರವ ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆ ಒತ್ತಡಕ್ಕೆ ಉಬ್ಬುತ್ತದೆ. ಎರಡನ್ನೂ ಬದಲಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಸವೆದಿಲ್ಲವೆಂದು ಮುದಿ ಟೈರನ್ನು ಉಳಿಸಿಕೊಳ್ಳಬೇಡಿ.

ಪತ್ರ ಬರೆದ ತರುಣ ಮಿತ್ರರಿಗೆ ಇನ್ನೊಂದು ಮಾತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿತು. ಮೈಸೂರಿನ ಕಾರ್ಖಾನೆಯಿಂದ ಬಂದ ನಿಮ್ಮ ಮನೆಯ ಯೆಜ್ಡಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಗರಗಸ ಹಿಡಿಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಬೈಕಿನಿಂದ ಏನನ್ನೇ ಕಳಚುವ ಮುನ್ನ ‘ಇದು ಇಲ್ಲಿ ಯಾವ ಕೆಲಸ ಮಾಡುತ್ತಿತ್ತು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ, ಆ ಕೆಲಸವನ್ನು ಇನ್ನು ಮುಂದೆ ಯಾವುದು ಮಾಡುತ್ತದೆ ಎಂಬುದನ್ನು ನಿರ್ಧರಿಸಿ, ಆಮೇಲೆ ಕಳಚಿ. ಉತ್ತರ ಸಿಗದಿದ್ದರೆ ಸ್ಪ್ಯಾನರನ್ನು ಕೆಳಗಿಟ್ಟು ಒಂದು ಲೋಟ ಕಾಫಿ ಕುಡಿದು ಬನ್ನಿ. ಕೆಫೆ ಇರುವುದು ಅದಕ್ಕೇ ತಾನೆ!